ಇಟಗಿಯ ಕಂಬ, ಅವ್ವನ ಉಗುರು

ಹುಬ್ಬಳ್ಳಿಯಿಂದ ಬೆಳಗಿನ ರೈಲು ಹಿಡಿದೆ. ಗದಗ ದಾಟಿದ ಮೇಲೆ ಎರಡೂ ಕಡೆ ಎರೆಹೊಲ. ಜನವರಿ ತಿಂಗಳು, ಬಿಳಿಜೋಳ ತೆನೆ ಕಟ್ಟಿತ್ತು, ಕಡಲೆ ಹಸಿರಾಗಿತ್ತು. ಅವ್ವ ಇದ್ದಿದ್ದರೆ ಕಿಟಕಿ ಪಕ್ಕ ಕೂತು, ಯಾರ ಹೊಲದಲ್ಲಿ ಕಳೆ ಜಾಸ್ತಿ ಅಂತ ಹೇಳುತ್ತಾ ಬರುತ್ತಿದ್ದಳು. ಅವಳು ಹೋಗಿ ಮೂರು ವರ್ಷ ಆಯಿತು.

ಬನ್ನಿಕೊಪ್ಪದಲ್ಲಿ ಇಳಿದು ಕೊಪ್ಪಳ ಜಿಲ್ಲೆಯ ಇಟಗಿಗೆ ಆಟೋ ಹತ್ತಿದೆ. ಡ್ರೈವರ್ ಗವಿಮಠದ ಜಾತ್ರೆ ಮಾತು ತೆಗೆದ. ಜಾತ್ರೆ ಬಂತೆಂದರೆ ಕೊಪ್ಪಳದ ಸುತ್ತಲಿನ ಹಳ್ಳಿಗಳಿಂದ ದಾಸೋಹಕ್ಕೆ ರೊಟ್ಟಿ ಹೋಗುತ್ತದೆ. ನಮ್ಮ ಮನೆಯಿಂದಲೂ ಹೋಗುತ್ತಿತ್ತು. ಆ ವಾರ ಅವ್ವನ ಒಲೆ ಆರುತ್ತಲೇ ಇರಲಿಲ್ಲ. ಕೈಗೆ ಬೊಬ್ಬೆ ಬಂದರೂ ಲೆಕ್ಕ ಇಲ್ಲ.

ಇಟಗಿಗೆ ಮೊದಲ ಸಲ ಬಂದಾಗ ನನಗೆ ಒಂಬತ್ತು ವರ್ಷ. ಕುಕನೂರಿನಲ್ಲಿ ಒಂದು ಮದುವೆ ಇತ್ತು. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ನೆತ್ತಿ ಸುಡುವ ಬಿಸಿಲು. "ಗುಡ್ಯಾಗ ನೆಳ್ಳಿಗೆ ಕುಂದ್ರೂಣು ಬಾ" ಅಂತ ಅವ್ವ ನನ್ನನ್ನು ಮಹಾದೇವ ದೇವಾಲಯಕ್ಕೆ ಕರೆತಂದಳು.

ಒಳಗೆ ಕಂಬಗಳೋ ಕಂಬಗಳು. ನಾನು ಓಡಾಡುತ್ತಿದ್ದೆ. ಅವ್ವ ಮಾತ್ರ ಒಂದು ಕಂಬದ ಮುಂದೆ ನಿಂತುಬಿಟ್ಟಿದ್ದಳು. ನನ್ನನ್ನು ಕರೆದು, ಕೈ ಹಿಡಿದು, ಬೆರಳ ತುದಿಯನ್ನು ಕಲ್ಲಿನ ಮೇಲೆ ಇಟ್ಟಳು.

"ಕಣ್ಣು ಮುಚ್ಚು. ಉಗರು ಎಳೆದು ನೋಡು. ಇದು ಬರೇ ಕಡದದ್ದಲ್ಲೋ ತಮ್ಮಾ, ತಿರುವಿದ್ದು. ನಮ್ಮಪ್ಪನ ತಿಗರಿ ಮ್ಯಾಲೆ ಗಡಗಿ ತಿರಗಿದಂಗ ತಿರಗೈತಿ."

ಅವ್ವ ಕುಂಬಾರರ ಮಗಳು. ಶಾಲೆ ಮೆಟ್ಟಿಲು ಹತ್ತಿದವಳಲ್ಲ. ಅವಳು ಅವತ್ತು ಹೇಳಿದ್ದು ಸರಿ ಅಂತ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಚಾಲುಕ್ಯರ ಕಾಲದ ಶಿಲ್ಪಿಗಳು ಬಳಪದ ಕಲ್ಲನ್ನು ನಿಜಕ್ಕೂ ಯಂತ್ರಕ್ಕೆ ಕಟ್ಟಿ ತಿರುಗಿಸುತ್ತಿದ್ದರು, ತಿರುಗುವ ಕಲ್ಲಿಗೆ ಉಳಿ ಹಿಡಿಯುತ್ತಿದ್ದರು. ಬಳಪದ ಕಲ್ಲು ಮೆತ್ತಗೆ, ಅದಕ್ಕೇ ಆ ನುಣುಪು, ಆ ಗುಂಡನೆಯ ಬಳೆಗಳು. ಒಂಬೈನೂರು ವರ್ಷದ ಹಿಂದಿನ ಲೇತ್ ಅದು!

ನಾನು ಇವತ್ತು ಲೇತ್ ಮೇಲೇ ಕೆಲಸ ಮಾಡುತ್ತೇನೆ. ಐಟಿಐಗೆ ಸೇರುವಾಗ ಟರ್ನರ್ ಅಂತ ಬರೆಸಿದ್ದು ಆ ಮಧ್ಯಾಹ್ನದಿಂದಲೇ ಅಂತ ನಾನು ನಂಬಿದ್ದೇನೆ. ಜಾಬ್, ಅಂದರೆ ತಿರುವಿದ ತುಂಡು, ಇಳಿಸಿದ ಮೇಲೆ ಮೈಕ್ರೋಮೀಟರ್ ಹಿಡಿಯುವ ಮೊದಲು ಕಣ್ಣು ಮುಚ್ಚಿ ಉಗುರು ಎಳೆಯುತ್ತೇನೆ. ಮೈಕ್ರೋಮೀಟರ್ ಅಳತೆ ಹೇಳುತ್ತದೆ. ಗೀರು ಸಿಗುವುದು ಉಗುರಿಗೆ. ಹೊಸ ಹುಡುಗರಿಗೂ ಹಾಗೇ ಕಲಿಸುತ್ತೇನೆ. ಯಾರು ಕಲಿಸಿದರು ಅಂತ ಕೇಳಿದರೆ ಅವ್ವ ಅನ್ನುತ್ತೇನೆ.

ಗುಡಿ ಕಟ್ಟಿಸಿದ್ದು ಮಹಾದೇವ, ಚಾಲುಕ್ಯ ದೊರೆ ಆರನೇ ವಿಕ್ರಮಾದಿತ್ಯನ ದಂಡನಾಯಕ. 1112ರ ಶಾಸನ ಇದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆದಿದೆ. ಈ ಹೆಸರು ಎಲ್ಲರಿಗೂ ಗೊತ್ತು. ಆದರೆ ನನ್ನ ಮನಸ್ಸು ನಿಂತದ್ದು ಬೇರೆ ಕಡೆ. ಅದೇ ಮಹಾದೇವ ಇಲ್ಲೇ ಅಪ್ಪನ ನೆನಪಿಗೆ ಮೂರ್ತಿನಾರಾಯಣ ಗುಡಿಯನ್ನೂ ಅವ್ವನ ನೆನಪಿಗೆ ಚಂದ್ರಲೇಶ್ವರಿ ಗುಡಿಯನ್ನೂ ಮಾಡಿಸಿದ. ಚಿಕ್ಕಂದಿನಲ್ಲಿ ಬಂದಾಗ ಇದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವ್ವ ಆ ಗುಡಿಗೂ ಹೋಗಿ ಕೈಮುಗಿಯದೆ ಬರುತ್ತಿರಲಿಲ್ಲ. ಈ ಸಲ ಅವಳ ಪರವಾಗಿ ನಾನು ಮುಗಿದೆ. ಸುತ್ತ ಯಾರೂ ಇರಲಿಲ್ಲ. ಸ್ವಲ್ಪ ಹೊತ್ತು ಸುಮ್ನೆ ಕೂತು ಅತ್ತೆ.

ಆಮೇಲೆ ಬುತ್ತಿ ಬಿಚ್ಚಿದೆ. ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ, ಒಂದು ಉಳ್ಳಾಗಡ್ಡಿ. ಚಟ್ನಿ ನನ್ನ ಹೆಂಡತಿ ಕುಟ್ಟಿದ್ದು, ಅವ್ವನ ಅಳತೆಯಲ್ಲೇ. ಬೆಳ್ಳುಳ್ಳಿ ಒಂದು ಹಿಡಿ ಜಾಸ್ತಿ.

ಊಟ ಮುಗಿಸಿ, ಬಂದ ಕೆಲಸಕ್ಕೆ ಎದ್ದೆ. ಅವತ್ತು ಅವ್ವ ಕಂಬದಲ್ಲಿ ಇನ್ನೊಂದು ತೋರಿಸಿದ್ದಳು. ಒಂದು ಬಳೆಯ ಹತ್ತಿರ ಉಗುರು ಚೂರು ಎಡವಿತ್ತು. "ಇಲ್ಲಿ ನೋಡು, ಅವನ ಕೈ ಜರಗೈತಿ. ಪಾಪ, ಎಷ್ಟು ಮರಗ್ಯಾನೋ ಏನೋ" ಅಂದಿದ್ದಳು. ಯಾವ ಕಾಲದವನೋ, ಆ ಕೆಲಸಗಾರನಿಗಾಗಿ ನೊಂದುಕೊಂಡಿದ್ದಳು. ಆ ಕಂಬ ಯಾವುದು ಅಂತ ನನಗೆ ನೆನಪಿಲ್ಲ. ನನ್ನ ಎತ್ತರಕ್ಕೆ ಸಿಕ್ಕಿತ್ತು, ಅಂದರೆ ಈಗಿನ ನನ್ನ ಸೊಂಟದ ಮಟ್ಟ.

ಕಣ್ಣು ಮುಚ್ಚಿ ಒಂದೊಂದೇ ಕಂಬಕ್ಕೆ ಉಗುರು ಎಳೆಯುತ್ತಾ ಹೋದೆ. ಕಾವಲಿನವರು ಬಂದು, "ಏನು ಹುಡಕಾಕತ್ತೀರ್ರೀ?" ಅಂದರು. ಹೇಳಿದೆ. ಅವರು ನಗಲಿಲ್ಲ. ಕಿಟಕಿಯಿಲ್ಲದ ಕತ್ತಲ ಮೂಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಜೊತೆಗೆ ನಡೆದರು.

ಹನ್ನೊಂದು ಕಂಬ ಆಯಿತು. ಸಿಗಲಿಲ್ಲ. ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ, ರೈಲಿಗೆ ಹೊತ್ತಾಗಿತ್ತು. ಹನ್ನೆರಡನೇ ಕಂಬ ಎಲ್ಲಿದೆ ಅಂತ ಕಾವಲಿನವರಿಗೆ ತೋರಿಸಿಟ್ಟು ಬಂದಿದ್ದೇನೆ.