ನೋವಿನ ಮಾತ್ರೆ ಕೊಡುವಾಗ ನಾನು ತಪ್ಪಾಗಿ ಕೇಳುತ್ತಿದ್ದ ಪ್ರಶ್ನೆ

ಆಸ್ಪತ್ರೆಯ ಔಷಧ ಕೌಂಟರಿಗೆ ಸೇರಿದ ಹೊಸತರಲ್ಲಿ, ಮಂಡಿನೋವಿನವರಿಗೆ ಡೈಕ್ಲೋಫೆನಾಕ್ ಅಥವಾ ಅದೇ ಬಗೆಯ ನೋವಿನ ಮಾತ್ರೆಯಾದ ಅಸಿಕ್ಲೋಫೆನಾಕ್ ಕೊಡುವಾಗ ನಾನು ಎರಡೇ ಮಾತು ಆಡುತ್ತಿದ್ದೆ: "ಊಟ ಆದ ಮೇಲೆ ತಗೊಳ್ಳಿ", "ಬೇರೆ ಮಾತ್ರೆ ಏನಾದರೂ ತಗೋತೀರಾ?" ಎರಡನೆಯದಕ್ಕೆ ಬಹುತೇಕರು ಇಲ್ಲವೆಂದೇ ತಲೆಯಾಡಿಸುತ್ತಿದ್ದರು, ನಾನೂ ನಂಬುತ್ತಿದ್ದೆ.

ಹಾಗೆ ಇಲ್ಲವೆಂದ ಅಜ್ಜಿಯೊಬ್ಬರು ಚಿಲ್ಲರೆ ಹುಡುಕುತ್ತ ತಮ್ಮ ಎಲೆಯಡಿಕೆ ಸಂಚಿಯನ್ನು ಕೌಂಟರಿನ ಮೇಲೆ ಸುರಿದಾಗ, ಸುಣ್ಣದ ಡಬ್ಬಿ ಮತ್ತು ಅಡಿಕೆ ಚೂರುಗಳ ನಡುವೆ ಎರಡು ತುಂಡು ಸ್ಟ್ರಿಪ್‌ಗಳು ಬಿದ್ದವು. ಒಂದು ಡೈಕ್ಲೋಫೆನಾಕ್, ಇನ್ನೊಂದು ಅಸಿಕ್ಲೋಫೆನಾಕ್ ಜೊತೆಗೆ ಪಾರಸಿಟಮಾಲ್ ಸೇರಿದ ಮಾತ್ರೆ. ಕತ್ತರಿಸಿ ಮಾರಿದ್ದರಿಂದ ಹೆಸರು ಅರ್ಧವೇ ಉಳಿದಿತ್ತು, ವೈದ್ಯರ ಚೀಟಿ ಇಲ್ಲದೆ ಕೊಳ್ಳಬಾರದೆಂದು ಎಚ್ಚರಿಸುವ ಕೆಂಪು ಗೆರೆಯೂ ಹೋಗಿತ್ತು. ಕೇಳಿದರೆ, "ಅದು ಮಾತ್ರೆ ಅಲ್ಲ ಕಣಪ್ಪ, ಸೊಂಟ ಹಿಡ್ಕೊಂಡಾಗ ನುಂಗೋದು" ಎಂದರು. ಬಿ.ಪಿ.? "ಅದು ಹತ್ತು ವರ್ಷದಿಂದ ಐತೆ, ಅದನ್ನೂ ಹೇಳ್ಬೇಕಾ?"

ಆ ಬಿ.ಪಿ. ಮಾತ್ರೆ ಟೆಲ್ಮಿಸಾರ್ಟಾನ್ ಜೊತೆ ಮೂತ್ರ ಹೆಚ್ಚಿಸುವ ಔಷಧವನ್ನೂ ಸೇರಿಸಿದ್ದು. ಡೈಕ್ಲೋಫೆನಾಕ್ ಬಗೆಯ ನೋವಿನ ಮಾತ್ರೆಗಳು ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತವೆ. ಉರಿಯೂತವನ್ನು ಎಬ್ಬಿಸುವ ಅದೇ ರಾಸಾಯನಿಕ ಹೊಟ್ಟೆಯ ಒಳಪದರವನ್ನೂ ಕಿಡ್ನಿಗೆ ಹರಿಯುವ ರಕ್ತವನ್ನೂ ಕಾಯುತ್ತಿರುತ್ತದೆ. ಹೀಗಾಗಿ ಈ ನೋವಿನ ಮಾತ್ರೆ, ಟೆಲ್ಮಿಸಾರ್ಟಾನ್, ಮೂತ್ರ ಹೆಚ್ಚಿಸುವ ಔಷಧ ಮೂರೂ ಒಟ್ಟಾದಾಗ, ಅದರಲ್ಲೂ ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾದ ದಿನಗಳಲ್ಲಿ, ವಯಸ್ಸಾದವರ ಕಿಡ್ನಿ ಇದ್ದಕ್ಕಿದ್ದಂತೆ ಕೈಕೊಡಬಹುದು. ವೈದ್ಯರಿಗೆ ಫೋನ್ ಮಾಡಿದೆ. ಅವರು ಸಂಚಿಯಲ್ಲಿದ್ದ ಎರಡನ್ನೂ ನಿಲ್ಲಿಸಿ, ಬರೀ ಪಾರಸಿಟಮಾಲ್ ಮತ್ತು ಮಂಡಿಗೆ ಹಚ್ಚುವ ಜೆಲ್ ಬರೆದರು.

ಈಗ ನಾನು "ಬೇರೆ ಮಾತ್ರೆ" ಎನ್ನುವುದಿಲ್ಲ. ನೋವು ಬಂದರೆ ಮನೆಯಲ್ಲಿ ಏನು ನುಂಗುತ್ತೀರಿ, ಬಿ.ಪಿ.ಗೆ ಏನು, ಸಕ್ಕರೆಗೆ ಏನು, ರಕ್ತ ತೆಳುವಾಗಲು ಏನಾದರೂ ಇದೆಯೇ ಎಂದು ಒಂದೊಂದಾಗಿ ಕೇಳಿ, ಮುಂದಿನ ಸಲ ಎಲ್ಲವನ್ನೂ ಚೀಲದಲ್ಲಿ ತರಲು ಹೇಳುತ್ತೇನೆ. ಮಾತ್ರೆಯಿಂದ ಹೊಟ್ಟೆಯಲ್ಲಿ ಹುಣ್ಣಾಗುವ ಭಯಕ್ಕೆ ಇಂಜೆಕ್ಷನ್ನೇ ವಾಸಿ ಎನ್ನುವವರು ಬಹಳ ಮಂದಿ. ಔಷಧ ರಕ್ತದ ಮೂಲಕವೂ ಹೊಟ್ಟೆಯನ್ನು ಕೆಡಿಸುತ್ತದೆಂದು ಅವರಿಗೆ ಬಿಡಿಸಿ ಹೇಳಬೇಕು. ಊಟದ ನಂತರ ನುಂಗಿದ ಮಾತ್ರಕ್ಕೆ ಅಪಾಯ ಪೂರ್ತಿ ತಪ್ಪದಿರುವುದೂ ಇದೇ ಕಾರಣಕ್ಕೆ. ಮಲ ಟಾರಿನಂತೆ ಕಪ್ಪಗೆ, ಅಂಟಂಟಾಗಿ ಹೋದರೆ ಹೊಟ್ಟೆಯೊಳಗೆ ರಕ್ತ ಸೋರುತ್ತಿರಬಹುದು, ಮಾತ್ರೆ ನಿಲ್ಲಿಸಿ ಅಂದೇ ಬರಬೇಕು ಎನ್ನುತ್ತೇನೆ. (ಕಬ್ಬಿಣಾಂಶದ ಮಾತ್ರೆಯಿಂದಲೂ ಮಲ ಕಪ್ಪಾಗುವುದುಂಟು, ಆದರೆ ಅದನ್ನು ತೀರ್ಮಾನಿಸುವ ಹೊಣೆ ರೋಗಿಯದಲ್ಲ.) ಮಳೆಗಾಲದಲ್ಲಿ ಜ್ವರದ ಮೈಕೈ ನೋವಿಗೆ ಇವನ್ನು ಕೇಳಿಕೊಂಡು ಬರುವವರನ್ನು ಮೊದಲು ವೈದ್ಯರ ಬಳಿಗೆ ಕಳಿಸುತ್ತೇನೆ, ಏಕೆಂದರೆ ಅದು ಡೆಂಗಿಯಾಗಿದ್ದರೆ ಇವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಅವರ ಬಾಯಿಂದಲೇ ಒಮ್ಮೆ ಹೇಳಿಸುತ್ತೇನೆ. ಸ್ಟ್ರಿಪ್ ಕತ್ತರಿಸಲೇಬೇಕಾಗಿ ಬಂದರೆ, ಔಷಧದ ಪೂರ್ಣ ಹೆಸರು ಮತ್ತು ಅವಧಿ ಮುಗಿಯುವ ತಿಂಗಳನ್ನು ಕವರಿನ ಮೇಲೆ ಬರೆದು, ಕೆಳಗೆ ಕನ್ನಡದಲ್ಲಿ ದಪ್ಪಕ್ಷರದಿಂದ "ಇದೂ ನೋವಿನ ಮಾತ್ರೆಯೇ" ಎಂದು ಸೇರಿಸುತ್ತೇನೆ.