ಫಾದರ್ ವರ್ಗಾವಣೆ ಆದ ಮೇಲೆ ಏನು ಉಳಿಯುತ್ತದೆ?

ನಾನು ಕಥೋಲಿಕ ಚರ್ಚಿನ ಪಾಲನಾ ಮಂಡಳಿಗಳ (ಗುರುಗಳಿಗೆ ಸಲಹೆ ಕೊಡುವ ಸಮಿತಿಗಳ) ಜೊತೆ ಓಡಾಡುವವನು ಅಂತ ಗೊತ್ತಾದ ಕೂಡಲೇ ಜನ ಕೇಳುವ ಪ್ರಶ್ನೆ ಒಂದೇ. "ನಮ್ಮ ಧರ್ಮಕೇಂದ್ರ (ಪ್ಯಾರಿಷ್) ಸಪ್ಪಗಾಗಿಬಿಟ್ಟಿದೆ. ಮತ್ತೆ ಕಳೆ ಬರೋಕೆ ಯಾವ ಕಾರ್ಯಕ್ರಮ ಶುರು ಮಾಡಬೇಕು?" ಗುರುಗಳೂ ಕೇಳಿದ್ದಾರೆ, ಗಾಯನವೃಂದದವರೂ ಕೇಳಿದ್ದಾರೆ. ಇಡೀ ಧರ್ಮಕ್ಷೇತ್ರಕ್ಕೆ, ಅಂದರೆ ಒಬ್ಬ ಬಿಷಪರ ಕೆಳಗಿನ ಎಲ್ಲ ಧರ್ಮಕೇಂದ್ರಗಳಿಗೆ, ನವೀಕರಣದ ಯೋಜನೆ ಬರೆಯೋಕೆ ಕೂತವರು ಕೂಡ ಇದನ್ನೇ ಕೇಳುತ್ತಾರೆ.

ಕಾರ್ಯಕ್ರಮ ಬೇಡ ಅನ್ನುವುದೇ ನನ್ನ ಉತ್ತರ. ಕೇಳಿದವರ ಮುಖ ಸಣ್ಣಗಾಗುತ್ತದೆ, ಗೊತ್ತು.

ಆದರೆ ಯೋಚಿಸಿ ನೋಡಿ. ನಿಮ್ಮಲ್ಲಿ ಈವರೆಗೆ ಎಷ್ಟು ಕಾರ್ಯಕ್ರಮ ಶುರುವಾಗಿಲ್ಲ? ಒಬ್ಬ ಫಾದರ್ ಬಂದಾಗ ಯುವಜನರ ಪ್ರಾರ್ಥನಾ ಕೂಟ ಶುರುವಾಯಿತು, ಗಿಟಾರ್ ಕೊಂಡದ್ದಾಯಿತು, ಗುರುವಾರ ಸಂಜೆ ಬೈಬಲ್ ಓದೋಕೆ ಜನ ಸೇರುತ್ತಿದ್ದರು. ಅವರಿಗೆ ವರ್ಗಾವಣೆ ಆಯಿತು. ಹೊಸಬರಿಗೆ ಸಂಗೀತದಲ್ಲಿ ಆಸಕ್ತಿ ಇಲ್ಲ, ಅವರದ್ದು ಕುಟುಂಬ ಪ್ರಾರ್ಥನೆ. ಈಗ ಆ ಗಿಟಾರ್ ಪೂಜಾವಸ್ತ್ರಗಳ ಬೀರು ಪಕ್ಕದಲ್ಲಿ ಗೋಡೆಗೆ ಒರಗಿ ನಿಂತಿದೆ, ಎರಡು ತಂತಿ ಇಲ್ಲ. ಇದರಲ್ಲಿ ಫಾದರ್‌ಗಳ ತಪ್ಪೇನಿಲ್ಲ. ಎಲ್ಲವೂ ಅವರೊಬ್ಬರ ಹೆಗಲ ಮೇಲೆ ನಿಂತಿತ್ತು, ಹೆಗಲು ಹೋಯಿತು, ಅಷ್ಟೇ.

1983ರ ಧರ್ಮಸಭೆಯ ಕಾನೂನು ಸಂಹಿತೆ ತೆಗೆದು ನೋಡಿದರೆ ಧರ್ಮಕೇಂದ್ರ ಅಂದರೆ ಕಟ್ಟಡ ಅಲ್ಲ, ಗುರುಗಳೂ ಅಲ್ಲ, ವಿಶ್ವಾಸಿಗಳ ಸಮುದಾಯ ಅಂತ 515ನೇ ವಿಧಿಯಲ್ಲೇ ಇದೆ. ಗುರುಗಳು ಬದಲಾದರೂ ಅದು ಮುಂದುವರಿಯುತ್ತದೆ. ನಾವು ಮಾತ್ರ ಉಲ್ಟಾ ಬದುಕುತ್ತೇವೆ. ಅದೇ ಸಂಹಿತೆಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲೂ ಹಣಕಾಸು ಸಮಿತಿ ಇರಲೇಬೇಕು. ಪಾಲನಾ ಮಂಡಳಿ ಹಾಗಲ್ಲ, ಬಿಷಪರು ಒಳ್ಳೆಯದು ಅಂದುಕೊಂಡರೆ ಮಾತ್ರ, ಅದೂ ಬರೀ ಸಲಹೆ ಕೊಡೋಕೆ. ದುಡ್ಡಿನ ಲೆಕ್ಕ ಕಡ್ಡಾಯ, ಜನರ ಲೆಕ್ಕ ಐಚ್ಛಿಕ ಅಂತ ನಾನು ತಮಾಷೆ ಮಾಡುವುದುಂಟು. ಕಾನೂನು ಗೊತ್ತಿರುವ ಗುರುಗಳೊಬ್ಬರು ನಗಲಿಲ್ಲ. ಮಂಡಳಿ ಇದ್ದೂ ಅದು ಸುಮ್ನೆ ಕೂತರೆ ಕಾನೂನೇನು ಮಾಡುತ್ತೆ ಅಂದರು. ಅದೂ ಸರಿಯೇ.

ಒಂದು ಸಭೆಯಲ್ಲಿ ನಾನು ಹಿಂದಿನ ಸಾಲಲ್ಲಿ ಕೂತು ಗಡಿಯಾರ ನೋಡಿದ್ದೆ. ಮೈಕಿನ ಗೊರಗೊರ ಸದ್ದಿನ ಬಗ್ಗೆ ನಲವತ್ತು ನಿಮಿಷ. ಹಬ್ಬದ ಮೆರವಣಿಗೆ ಎಷ್ಟು ಹೊತ್ತಿಗೆ ಹೊರಡಬೇಕು ಅನ್ನುವುದಕ್ಕೆ ಅರ್ಧ ಗಂಟೆ. ಕೊನೆಗೆ ಒಬ್ಬ ಹೆಂಗಸು ಎದ್ದು, ಹೋದ ವರ್ಷ ಮೊದಲ ಪರಮಪ್ರಸಾದ (ಫಸ್ಟ್ ಕಮ್ಯೂನಿಯನ್) ತೆಗೆದುಕೊಂಡ ಮಕ್ಕಳಲ್ಲಿ ಈಗ ಎಷ್ಟು ಜನ ಪೂಜೆಗೆ ಬರುತ್ತಿದ್ದಾರೆ ಅಂತ ಕೇಳಿದರು. ಯಾರಿಗೂ ಗೊತ್ತಿರಲಿಲ್ಲ. ಹೊತ್ತಾಯಿತು ಅಂತ ಮುಕ್ತಾಯದ ಪ್ರಾರ್ಥನೆ ಮಾಡಿ ಎದ್ದೆವು.

ಆ ಪ್ರಶ್ನೆಯಿಂದಲೇ ಶುರು ಮಾಡಿ ಅನ್ನುತ್ತೇನೆ ನಾನು. ಜ್ಞಾನಸ್ನಾನದ (ಬ್ಯಾಪ್ಟಿಸಂ) ರಿಜಿಸ್ಟರ್ ಪ್ರತಿ ಧರ್ಮಕೇಂದ್ರದಲ್ಲೂ ಇರಲೇಬೇಕು, ಅದು ನಿಯಮ. ಸರ್ಟಿಫಿಕೇಟ್ ಬೇಕಾದಾಗ ಬಿಟ್ಟರೆ ಅದನ್ನು ಯಾರೂ ತೆರೆಯುವುದಿಲ್ಲ ಅಲ್ವಾ? ಎರಡು ವರ್ಷದ ಹಿಂದಿನ ಪುಟ ತೆಗೆಯಿರಿ. ಆ ಮಕ್ಕಳ ಅಪ್ಪ ಅಮ್ಮ ಎಲ್ಲಿದ್ದಾರೆ, ಈಗ ಬರುತ್ತಾರಾ, ಬರದಿದ್ದರೆ ಏನಾಯಿತು ಅಂತ ವಿಚಾರಿಸಿ. ಮದುವೆಯ ರಿಜಿಸ್ಟರ್ ಇದೆ, ಮರಣದ್ದೂ ಇದೆ. ಹೋದ ವರ್ಷ ಗಂಡನನ್ನು ಕಳೆದುಕೊಂಡವರ ಮನೆಗೆ ನಲವತ್ತನೇ ದಿನದ ನಂತರ ಯಾರಾದರೂ ಹೋಗಿದ್ದಾರಾ?

ಜಗದ್ಗುರು (ಪೋಪ್) ಫ್ರಾನ್ಸಿಸ್ 2013ರಲ್ಲಿ ಬರೆದ 'ಎವಾಂಜೆಲಿಯಿ ಗೌದಿಯುಮ್' ಎಂಬ ಬೋಧನಾ ಪತ್ರದಲ್ಲಿ, ಧರ್ಮಕೇಂದ್ರ ಹಳತಾಗಿಹೋದ ವ್ಯವಸ್ಥೆ ಅಲ್ಲ, ಅದು ಬೇಕಾದ ಹಾಗೆ ರೂಪ ಬದಲಿಸಿಕೊಳ್ಳಬಲ್ಲದು ಎಂದಿದ್ದರು. ಆದರೆ ಗುರುಗಳೂ ಸಮುದಾಯವೂ ಅದಕ್ಕೆ ಮನಸ್ಸು ಮಾಡಬೇಕು. ಪ್ರೇಷಿತ ಕಾರ್ಯ (ಮಿಷನ್ ಕೆಲಸ) ಅಂದ ಕೂಡಲೇ ನಮಗೆ ದೂರದ ಕಾಡೂರು, ಅಲ್ಲಿಗೆ ಹೊರಟ ಸಿಸ್ಟರ್‌ಗಳು ನೆನಪಾಗುತ್ತಾರೆ, ಪಕ್ಕದ ಬೀದಿಯಲ್ಲಿ ಜ್ಞಾನಸ್ನಾನ ಆಗಿಯೂ ಚರ್ಚಿನ ಮೆಟ್ಟಿಲು ಹತ್ತದ ಹುಡುಗ ನೆನಪಾಗುವುದಿಲ್ಲ.

ಹಾಗಾದರೆ ಬಿಷಪರ ಕಚೇರಿ ಏನು ಮಾಡಬೇಕು? ಸುತ್ತೋಲೆ ಕಮ್ಮಿ ಮಾಡಿದರೆ ಸಾಕು ಅಂತ ಒಮ್ಮೊಮ್ಮೆ ಅನಿಸುತ್ತದೆ. ನಿಜವಾಗಿ ಅವರ ಕೈಯಲ್ಲಿ ಎರಡು ದೊಡ್ಡ ಕೆಲಸ ಇವೆ. ಒಂದು, ಬಿಷಪರು ಕನಿಷ್ಠ ಐದು ವರ್ಷಕ್ಕೊಮ್ಮೆಯಾದರೂ ಇಡೀ ಧರ್ಮಕ್ಷೇತ್ರವನ್ನು ಭೇಟಿ ಮಾಡಿ ಮುಗಿಸಬೇಕು. ಆ ಭೇಟಿಯ ದಿನ ಹೂವಿನ ಹಾರ, ಸ್ವಾಗತ ನೃತ್ಯ ಬದಿಗಿಟ್ಟು ಒಂದು ಗಂಟೆ ಶ್ರೀಸಾಮಾನ್ಯರ ಜೊತೆ ಕೂತು, ಬರದೆ ಇರುವವರ ಬಗ್ಗೆ ನಿಮಗೇನು ಗೊತ್ತು ಅಂತ ಕೇಳಲಿ. ಇನ್ನೊಂದು, ವರ್ಗಾವಣೆ. ಚರ್ಚ್ ಒಪ್ಪಿಸುವಾಗ ಬೀಗದ ಕೈ, ಬ್ಯಾಂಕ್ ಪುಸ್ತಕ, ಸಾಮಾನಿನ ಪಟ್ಟಿ ಎಲ್ಲ ಕೊಡುತ್ತಾರೆ. ನಡೆಯುತ್ತಿರುವ ಕೆಲಸ ಯಾವುದು, ಯಾರು ನಡೆಸುತ್ತಿದ್ದಾರೆ, ಯಾವುದನ್ನು ಒಂದು ವರ್ಷ ಮುಟ್ಟಬಾರದು ಅನ್ನುವ ಒಂದು ಪುಟವನ್ನೂ ಮಂಡಳಿಯ ಎದುರಿಗೇ ಕೊಡಲಿ.

ಧರ್ಮಕೇಂದ್ರಗಳನ್ನು ಒಂದಕ್ಕೊಂದು ಸೇರಿಸಿಬಿಟ್ಟರೆ ನವೀಕರಣ ಆಯಿತು ಅನ್ನುವವರೂ ಇದ್ದಾರೆ. ಗುರುಗಳು ಕಮ್ಮಿ ಅನ್ನುವುದೊಂದೇ ಕಾರಣಕ್ಕೆ ಧರ್ಮಕೇಂದ್ರ ಮುಚ್ಚುವ ಹಾಗಿಲ್ಲ ಅಂತ 2020ರಲ್ಲಿ ವ್ಯಾಟಿಕನ್ನೇ ಹೇಳಿದೆ.

ಮೈಕಿನ ಸಭೆಯಲ್ಲಿ ಎದ್ದು ನಿಂತಿದ್ದ ಆ ಹೆಂಗಸು ಆಮೇಲೆ ಇನ್ನೊಬ್ಬರನ್ನು ಜೊತೆ ಮಾಡಿಕೊಂಡು, ರಿಜಿಸ್ಟರ್‌ನಿಂದ ಹೆಸರು ಬರೆದುಕೊಂಡು ಮನೆಮನೆಗೆ ಹೊರಟರು. ಮೊದಲನೇ ಮನೆಯ ಬಾಗಿಲಲ್ಲೇ ಯಜಮಾನರು, "ಯಾವುದರ ವಂತಿಗೆ ಅಮ್ಮ?" ಅಂದರಂತೆ. ವಂತಿಗೆ ಏನೂ ಇಲ್ಲ, ಮಗು ಹೇಗಿದೆ ಅಂತ ನೋಡೋಕೆ ಬಂದ್ವಿ ಅಂದರೆ ನಂಬೋಕೆ ಅವರಿಗೆ ಸ್ವಲ್ಪ ಹೊತ್ತು ಬೇಕಾಯಿತು. ವರ್ಷದಲ್ಲಿ ಮೂವತ್ತೆಂಟು ಮನೆ ಆಯಿತು. ಎಲ್ಲರೂ ಪೂಜೆಗೆ ಬರಲು ಶುರು ಮಾಡಿದರು ಅಂತೇನಿಲ್ಲ, ಬಂದವರು ಕೆಲವೇ ಜನ. ಈ ಮಧ್ಯೆ ಫಾದರ್‌ಗೆ ವರ್ಗಾವಣೆಯೂ ಆಯಿತು. ಹೆಸರು ಬರೆದ ನೋಟ್‌ಬುಕ್ ಚರ್ಚಿನ ಬೀರುವಿನಲ್ಲಿ ಇರಲಿಲ್ಲ, ಆ ಹೆಂಗಸಿನ ಕೈಚೀಲದಲ್ಲಿತ್ತು. ಹೊಸ ಫಾದರ್ ಬಂದ ಎರಡನೇ ಭಾನುವಾರ ಅದನ್ನು ಒಮ್ಮೆ ನೋಡಬಹುದಾ ಅಂತ ಅವರಾಗಿಯೇ ಕೇಳಿದರು.