ಹಳದಿ ಗೋಡೆಯ ಮೇಲೆ ಹುಣ್ಣಿಮೆ

ಬಸವನಗುಡಿಯ ಹಳೆಯ ಮನೆಯೊಂದರಲ್ಲಿ ಕಳೆದ ಭಾನುವಾರ ಕೇಳಿದ ಪ್ರಶ್ನೆ ಈ ವಾರವಿಡೀ ನನ್ನನ್ನು ಬಿಟ್ಟಿಲ್ಲ: “ನಮ್ಮ ಗೋಡೆಯ ಹಳದಿ ಎಲ್ಲಿ ಹೋಯಿತಪ್ಪಾ?”

ಮನೆಯ ಹಿರಿಯರ ಸಹಸ್ರಚಂದ್ರದರ್ಶನದ ಸಂಜೆ ನಡುಮನೆಯ ಗೋಡೆಗಳ ಮೇಲೆ ಪ್ರೊಜೆಕ್ಷನ್ ಮ್ಯಾಪಿಂಗ್ ಮೂಲಕ, ಅಂದರೆ ಗೋಡೆಯ ಆಕಾರಕ್ಕೆ ಹೊಂದುವಂತೆ ಪ್ರೊಜೆಕ್ಟರಿನಿಂದ ಚಿತ್ರ ಬೀಳಿಸಿ, ಹುಣ್ಣಿಮೆಗಳನ್ನು ಮೂಡಿಸಬೇಕೆಂಬುದು ಮೊಮ್ಮಕ್ಕಳ ಆಸೆಯಾಗಿತ್ತು. ಗೂಡು, ಕಿಟಕಿ, ಬಾಗಿಲುಗಳ ಅಂಚಿಗೆ ಚಿತ್ರವನ್ನು ಕೂರಿಸುವ ಕೆಲಸವನ್ನು ಹಿಂದಿನ ರಾತ್ರಿಯೇ ಗೋಡೆಯ ಮೇಲೆ ಬೆಳಕಿನ ಬಿಳಿ ಗೆರೆಗಳನ್ನು ಬೀಳಿಸಿ ಮುಗಿಸಿದ್ದೆ. ಬಣ್ಣಗಳನ್ನು ಮಾತ್ರ ಅದಕ್ಕೂ ಮೊದಲೇ, ನನ್ನ ಲ್ಯಾಪ್‌ಟಾಪ್‌ನ ಪರದೆಯನ್ನು ನೋಡಿಕೊಂಡು, ಗಾಢ ನೀಲಿ ಆಕಾಶ, ನೇರಳೆ ಮೋಡ, ಬೆಳ್ಳಿ ಚಂದ್ರ ಎಂದು ಗೊತ್ತುಮಾಡಿಕೊಂಡಿದ್ದೆ. ಸಮಾರಂಭದ ಉಸ್ತುವಾರಿ ಹೊತ್ತವರಿಗೂ ಅದೇ ಬೇಕಿತ್ತು. ಕಲ್ಯಾಣಮಂಟಪದ ಬಿಳಿ ಪರದೆಯ ಮೇಲೆ ಚೆನ್ನಾಗಿ ಕಂಡದ್ದನ್ನೇ ಎಲ್ಲೆಡೆ ಬಯಸುವ ಅವರು ಕೆಲಸದಲ್ಲಿ ನಿಷ್ಠರು, ಆದರೆ ಒಂದು ಮನೆಯೊಳಗೆ ಬಂದಾಗ ಅದರ ಗೋಡೆಯನ್ನು ನೋಡುವವರಲ್ಲ. ನಾನಾದರೂ ಗೋಡೆಯ ಅಂಚುಗಳನ್ನು ಅಳೆದಿದ್ದೆನೇ ಹೊರತು ಅದರ ಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಮಧ್ಯಾಹ್ನ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಪ್ರೊಜೆಕ್ಟರ್ ಹಾಕಿದಾಗ, ಆಕಾಶವಾಗಬೇಕಿದ್ದ ನೀಲಿಯು ಮಸಿಬಟ್ಟೆಯಲ್ಲಿ ಒರೆಸಿದಂತೆ ಮಂಕಾಗಿ ಹರಡಿಕೊಂಡಿತು. ಅಡುಗೆಮನೆಯ ಹೊಸ್ತಿಲಲ್ಲಿ ನಿಂತಿದ್ದ ಮನೆಯೊಡತಿ ಆ ಪ್ರಶ್ನೆ ಕೇಳಿದ್ದು ಆಗಲೇ. ಅವರ ದನಿಯಲ್ಲಿ ಆಕ್ಷೇಪವಿರಲಿಲ್ಲ. ಮನೆಯ ಪಾತ್ರೆಯೊಂದು ಎಲ್ಲಿದೆ ಎಂದು ವಿಚಾರಿಸುವಷ್ಟು ಸಹಜವಾಗಿತ್ತು. “ಸಂಜೆಗೆ ಸರಿಹೋಗುತ್ತದೆ ಅಮ್ಮ” ಎಂದೆ. ಹಾಗೆಯೇ ಬಿಟ್ಟರೆ ಸರಿಹೋಗುವುದಿಲ್ಲವೆಂಬುದು ನನಗೆ ಗೊತ್ತಿತ್ತು.

ಪ್ರೊಜೆಕ್ಟರ್ ಬಣ್ಣ ಬಳಿಯುವುದಿಲ್ಲ, ಬೆಳಕನ್ನು ಚೆಲ್ಲುತ್ತದೆ. ಅದರಲ್ಲಿ ಎಷ್ಟು ಪಾಲು ನಮ್ಮ ಕಣ್ಣಿಗೆ ಮರಳಬೇಕೆಂಬುದನ್ನು ತೀರ್ಮಾನಿಸುವುದು ಗೋಡೆ. ಹಳದಿ ಗೋಡೆ ಕೆಂಪು ಮತ್ತು ಹಸಿರು ಬೆಳಕನ್ನು ಧಾರಾಳವಾಗಿ ಹಿಂದಿರುಗಿಸಿ, ನೀಲಿಯ ಬಹುಪಾಲನ್ನು ನುಂಗಿಕೊಳ್ಳುತ್ತದೆ. ಗೋಡೆಯ ಛಾಯಾಚಿತ್ರ ತೆಗೆದು, ಅದರ ಬಣ್ಣವನ್ನು ಅಳಿಸಿಹಾಕುವಂತೆ ಚಿತ್ರವನ್ನು ತಿದ್ದುವ ವಿಧಾನವೊಂದಿದೆ. ಆದರೆ ಮರಳಿ ಬರುವ ಅಷ್ಟಿಷ್ಟು ನೀಲಿಗೆ ಸರಿದೂಗುವಂತೆ ಕೆಂಪನ್ನೂ ಹಸಿರನ್ನೂ ತಗ್ಗಿಸಬೇಕಾಗುವುದರಿಂದ ಇಡೀ ಚಿತ್ರವೇ ಕಳೆಗುಂದುತ್ತದೆ. ಮೇಲಾಗಿ ಕೋಣೆಯೊಳಗೆ ಬೆಳಕು ಬಿದ್ದಲ್ಲೇ ನಿಲ್ಲುವುದಿಲ್ಲ. ರೆಡ್ ಆಕ್ಸೈಡ್ ನೆಲಕ್ಕೆ ತಾಗಿದ್ದು ಕೆಂಪಾಗಿ ಎದ್ದು ಗೋಡೆಯ ಬುಡವನ್ನು ಸೇರುತ್ತದೆ, ಎದುರು ಗೋಡೆಯ ಬೆಳಕು ಈ ಗೋಡೆಯ ಕತ್ತಲನ್ನು ತೆಳುಮಾಡುತ್ತದೆ. 1969ರಲ್ಲಿ ಡಿಸ್ನಿಲ್ಯಾಂಡ್‌ನ ಭೂತಬಂಗಲೆಯಾದ ಹಾಂಟೆಡ್ ಮ್ಯಾನ್ಷನ್‌ನಲ್ಲಿ ಹಾಡುವ ಮುಖಗಳನ್ನು ಪ್ರತಿಮೆಗಳ ಮೇಲೆ ಬಿಂಬಿಸಿದ್ದನ್ನು ಈ ಕಲೆಯ ಆರಂಭದ ಹೆಜ್ಜೆಗಳಲ್ಲಿ ಎಣಿಸುತ್ತಾರೆ; ಅಲ್ಲಿ ಪ್ರತಿಮೆಗಳು ಇದ್ದದ್ದೇ ಬಿಂಬಕ್ಕಾಗಿ. ಈ ಗೋಡೆಯಾದರೋ ಆ ದಂಪತಿಗಾಗಿ, ಅವರ ಹಬ್ಬಹುಣ್ಣಿಮೆಗಳಿಗಾಗಿ ಇದ್ದದ್ದು. ಅದರ ಬಣ್ಣವನ್ನು ಅಡ್ಡಿಯೆಂದು ಭಾವಿಸಿ ಮರೆಮಾಚಲು ಹೊರಟಿದ್ದೆನಲ್ಲ ಎಂಬುದು ನನ್ನನ್ನು ಈಗಲೂ ಕಲಕುತ್ತದೆ.

ಸಂಜೆಗೆ ಮೂರು ಗಂಟೆ ಉಳಿದಿತ್ತು. ನೀಲಿಯನ್ನೂ ನೇರಳೆಯನ್ನೂ ಪೂರ್ತಿಯಾಗಿ ತೆಗೆದೆ. ಕಪ್ಪನ್ನು ಯಾವ ಪ್ರೊಜೆಕ್ಟರೂ ಚೆಲ್ಲಲಾರದಾದ್ದರಿಂದ, ಆಕಾಶದ ಜಾಗಕ್ಕೆ ಆದಷ್ಟು ಕಡಿಮೆ ಬೆಳಕು ಬೀಳುವಂತೆ ಮಾಡಿ ಕೋಣೆಯ ಕತ್ತಲನ್ನೇ ರಾತ್ರಿಯಾಗಿ ಉಳಿಸಿಕೊಂಡೆ. ಕಿಟಕಿಯ ಅಂಚುಗಳಲ್ಲಿ ಮಾವಿನೆಲೆಯ ಮಂದ ಹಸಿರನ್ನಿಟ್ಟೆ. ಮಬ್ಬಿನಲ್ಲಿ ಕೆಂಪು ದಾಸವಾಳ ಮೊದಲು ಕಪ್ಪಾಗಿ, ಅದರ ಎಲೆಗಳು ಇನ್ನೂ ಸ್ವಲ್ಪ ಹೊತ್ತು ಕಾಣುತ್ತಿರುವುದನ್ನು ಹಿತ್ತಿಲಿದ್ದವರೆಲ್ಲ ನೋಡಿರುತ್ತಾರೆ. ಮಂದ ಬೆಳಕಿನಲ್ಲಿ ನಮ್ಮ ಕಣ್ಣು ಕೆಂಪಿಗಿಂತ ಹಸಿರನ್ನು ಚೆನ್ನಾಗಿ ಹಿಡಿಯುತ್ತದೆ. ಚಂದ್ರನಿಗೆ ಯಾವ ಬಣ್ಣವನ್ನೂ ಕೊಡಲಿಲ್ಲ, ಬರಿಯ ಬಿಳಿ ಬೆಳಕನ್ನು ಬಿಟ್ಟೆ. ಆ ಬಿಳಿ ಗೋಡೆಯನ್ನು ಮುಟ್ಟಿದ ಕೂಡಲೇ ಆಗತಾನೇ ಮೂಡಿದ ಹುಣ್ಣಿಮೆಯ ಹಳದಿಯಾಯಿತು.

ಸಂಜೆ ಚಂದ್ರರು ಒಬ್ಬೊಬ್ಬರಾಗಿ ಗೂಡಿನಿಂದ ಎದ್ದು ತೊಲೆಯವರೆಗೆ ಏರಿದಾಗ ಮನೆಯೊಡತಿ ಪಕ್ಕದಲ್ಲಿದ್ದ ಮೊಮ್ಮಗಳಿಗೆ, “ನೋಡೇ, ನಮ್ಮ ಗೋಡೆಯದೇ ಬಣ್ಣ” ಎಂದರು. ಉಸ್ತುವಾರಿಯವರು ನೀಲಿ ಏಕಿಲ್ಲವೆಂದು ಕೊನೆಯವರೆಗೂ ಕೇಳುತ್ತಿದ್ದರು.

ನೆಂಟರು ಹೊರಟ ಮೇಲೆ ನಾನು ವೈರುಗಳನ್ನು ಸುತ್ತತೊಡಗಿದಾಗ ಮನೆಯೊಡತಿ ಬಂದು, “ಯಜಮಾನರು ಮಾತ್ರೆ ತೆಗೆದುಕೊಂಡು ಬರುತ್ತಾರೆ, ಅಲ್ಲಿಯವರೆಗೆ ಆ ಗೂಡಿನ ಮೇಲಿನದೊಂದು ಇರಲಪ್ಪಾ” ಎಂದರು. ಅದೊಂದನ್ನು ಉಳಿಸಿ ಮಿಕ್ಕದ್ದನ್ನೆಲ್ಲ ಆರಿಸಿದೆ.